ಹದಿನಾರು ಜನರ ಹಡಗು, ಹದಿನೇಳರ ಮಗಳು: ಪೀಪಾಯಿಯೊಂದಿಗೆ ಮಾತುಕತೆ

ಈಕ್ವೆಡಾರ್ ದೇಶದ ಗಲಾಪಗೋಸ್ ದ್ವೀಪಸಮೂಹದಲ್ಲಿ ಫ್ಲೊರಿಯಾನ ಅಂತ ಒಂದು ದ್ವೀಪ. ಅಲ್ಲಿ ಅಂಚೆ ಕೊಲ್ಲಿ ಎಂಬ ಜಾಗವಿದೆ. ಕಚೇರಿ ಇಲ್ಲ, ಅಂಚೆಯಣ್ಣ ಇಲ್ಲ, ಸ್ಟಾಂಪೂ ಬೇಕಿಲ್ಲ. ಇರುವುದೊಂದು ಮರದ ಪೀಪಾಯಿ. 18ನೇ ಶತಮಾನದ ಕೊನೆಯ ಹೊತ್ತಿಗೆ ತಿಮಿಂಗಿಲ ಬೇಟೆಗೆ ಬಂದ ಹಡಗಿನವರು ಇಲ್ಲಿ ಪೀಪಾಯಿಯೊಂದನ್ನಿಟ್ಟು ಕಾಗದ ಹಾಕಿ ಹೋಗುತ್ತಿದ್ದರು. ಊರ ಕಡೆ ಹೊರಟ ಇನ್ನೊಂದು ಹಡಗು ಅವನ್ನು ಎತ್ತಿಕೊಂಡು ಹೋಗುತ್ತಿತ್ತು. ಈಗ ಪ್ರವಾಸಿಗರೂ ಅದನ್ನೇ ಮಾಡುತ್ತಾರೆ: ತಮ್ಮ ಕಾರ್ಡು ಹಾಕುತ್ತಾರೆ, ರಾಶಿ ಕೆದಕಿ ತಮ್ಮೂರ ಆಸುಪಾಸಿನ ವಿಳಾಸ ಸಿಕ್ಕರೆ ಒಯ್ದು ಕೈಯಾರೆ ಮುಟ್ಟಿಸುತ್ತಾರೆ. ಸಣ್ಣ ಹಡಗುಗಳಲ್ಲಿ ಬಂದವರ ಸುಖದುಃಖವನ್ನು ಈ ಪೀಪಾಯಿಯಷ್ಟು ಓದಿಕೊಂಡವರು ಇನ್ನೊಬ್ಬರಿಲ್ಲ. ಹೈಸ್ಕೂಲು ಮುಗಿಸಿ ಕಾಲೇಜಿನ ಕಡೆ ಮುಖ ಮಾಡಿದ ಮಕ್ಕಳಿರುವ ಮನೆಯವರು ಎಂಥ ಹಡಗು ಹಿಡಿಯಬೇಕು ಎಂದು ತಿಳಿಯಲು ಅದನ್ನೇ ಮಾತಿಗೆಳೆದೆವು.

ನಾವು: ನಮಸ್ಕಾರ. ಬೇರೆಯವರ ಕಾಗದ ಓದೋದು ತಪ್ಪಲ್ಲವೇ?

ಪೀಪಾಯಿ: ಕವರಿನಲ್ಲಿ ಹಾಕಿದರೆ ತಪ್ಪು. ಕಾರ್ಡಿನಲ್ಲಿ ಬರೆದು ಹೊಟ್ಟೆಗೆ ತುರುಕಿದರೆ ಏನು ಮಾಡಲಿ, ಕಣ್ಣು ಮುಚ್ಚಿಕೊಳ್ಳಲೇ? ಅದೂ ಅಲ್ಲದೆ ದಿನಾ ಬರುವ ಪ್ರವಾಸಿಗರೆಲ್ಲ ಓದುತ್ತಾರೆ. ನಾನೊಬ್ಬನೇ ಮಾನವಂತನಾಗಿ ಏನು ಪ್ರಯೋಜನ?

ನಾವು: ನಮ್ಮ ಸ್ನೇಹಿತರೊಬ್ಬರಿಗೆ ಹದಿನೇಳರ ಮಗಳು, ಹದಿನೈದರ ಮಗ. ಎಂಟು ದಿನಕ್ಕೆ ಒಂದು ಸಣ್ಣ ಹಡಗು ಹಿಡಿಯಬೇಕೆಂದಿದ್ದಾರೆ...

ಪೀಪಾಯಿ: ಸ್ನೇಹಿತರು. ಆಗಲಿ, ಸ್ನೇಹಿತರೆಂದೇ ಇಟ್ಟುಕೊಳ್ಳೋಣ. ಏನು ನೋಡಿ ಆರಿಸುತ್ತಿದ್ದಾರೆ?

ನಾವು: ಫೋಟೋ. ದೊಡ್ಡ ಕಿಟಕಿ, ಬಿಳಿ ಹಾಸಿಗೆ, ಮಡಚಿಟ್ಟ ಟವೆಲ್ಲಿನ ಹಂಸ.

ಪೀಪಾಯಿ: ಹಂಸ ಎಲ್ಲ ಹಡಗಿನಲ್ಲೂ ಇದೆ, ಅದನ್ನು ಬಿಡಿ. ಅಪ್ಪ ಅಮ್ಮ ಬರೆದ ಕಾರ್ಡಿನಲ್ಲಿ ಕಿಟಕಿ ಇರುತ್ತೆ, ಊಟ ಇರುತ್ತೆ, ಸೂರ್ಯಾಸ್ತ ಇರುತ್ತೆ. ಮಕ್ಕಳ ಕಾರ್ಡಿನಲ್ಲಿ ಇವು ಮೂರೂ ಇರೋದಿಲ್ಲ. ಮೊನ್ನೆ ಒಬ್ಬ ಹುಡುಗ, ಕೈಯಲ್ಲಿ ಪೆನ್ನು ಹಿಡಿದು ಅಭ್ಯಾಸ ತಪ್ಪಿದವನು, ವಿಳಾಸ ಬರೆಯುವ ಕಡೆ ವಿಷಯ ಬರೆದು, ವಿಷಯದ ಕಡೆ ವಿಳಾಸ ಬರೆದಿದ್ದ. ವಿಷಯ ಇಷ್ಟೇ: "ಈ ಹಡಗಿನಲ್ಲಿ ನಾನು, ನಮ್ಮಕ್ಕ ಮತ್ತು ಹನ್ನೆರಡು ಜನ ನಿವೃತ್ತರು."

ನಾವು: ಅಪ್ಪ ಅಮ್ಮ ಇರಲಿಲ್ಲವೇ?

ಪೀಪಾಯಿ: ಇದ್ದರು. ಅವರನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಇದೇ ನೋಡಿ ಗುಟ್ಟು. ಇಲ್ಲಿನ ನ್ಯಾಷನಲ್ ಪಾರ್ಕಿನ ನಿಯಮ ಏನೆಂದರೆ ಒಬ್ಬ ಗೈಡಿಗೆ 16 ಜನರಿಗಿಂತ ಹೆಚ್ಚು ಪ್ರವಾಸಿಗರು ಇರಕೂಡದು. ಅದಕ್ಕೇ ಎಷ್ಟೋ ಹಡಗುಗಳು ಸರಿಯಾಗಿ 16 ಜನರ ಅಳತೆಯವು. ನಿಮ್ಮ ಸ್ನೇಹಿತರ ಮನೆಯವರು ನಾಲ್ಕು. ಉಳಿದ ಹನ್ನೆರಡು ಜನ ಯಾರು ಅನ್ನೋದೇ ಹಡಗು. ಮರ, ಕಬ್ಬಿಣ, ಹಂಸ ಎಲ್ಲ ಆಮೇಲೆ. ಆ ಹನ್ನೆರಡು ಜನ ಟೆಲಿಫೋಟೋ ಲೆನ್ಸ್ ಹಿಡಿದು ಒಂದು ಫಿಂಚ್ ಹಕ್ಕಿಯ ಮುಂದೆ ನಲವತ್ತು ನಿಮಿಷ ನಿಂತರೆ ನಿಮ್ಮ ಮಗನೂ ನಿಲ್ಲಬೇಕು. ಗೈಡ್ ಬಿಟ್ಟು ಹೆಜ್ಜೆ ಆಚೆ ಇಡುವ ಹಾಗಿಲ್ಲ. ಗೆರೆ ಎಳೆದ ದಾರಿ, ಪ್ರಾಣಿಯಿಂದ ಎರಡು ಮೀಟರ್ ದೂರ, ಸಂಜೆ ಆರಕ್ಕೆ ಎಲ್ಲರೂ ದ್ವೀಪ ಖಾಲಿ ಮಾಡಿರಬೇಕು.

ನಾವು: ಎರಡು ಮೀಟರ್ ನಿಯಮ ಪ್ರಾಣಿಗಳಿಗೂ ಗೊತ್ತೇ?

ಪೀಪಾಯಿ: ಕಡಲಸಿಂಹದ ಮರಿಗಳಿಗೆ ಗೊತ್ತಿಲ್ಲ. ಅವು ಬಂದು ಕಾಲು ಮೂಸುತ್ತವೆ. ಆಗ ಹಿಂದೆ ಸರಿಯಬೇಕಾದವರು ನೀವು. ಮಕ್ಕಳು ಸರಿಯುತ್ತಾರೆ, ಅಪ್ಪಂದಿರು ಸೆಲ್ಫಿಗೆ ಬಗ್ಗುತ್ತಾರೆ. ಗೈಡ್ ಬೈಯುವುದು ಸಾಮಾನ್ಯವಾಗಿ ನಲವತ್ತೈದು ದಾಟಿದವರಿಗೆ.

ನಾವು: ಹಾಗಾದರೆ ದೊಡ್ಡ ಹಡಗೇ ವಾಸಿಯೇ?

ಪೀಪಾಯಿ: ಇಲ್ಲಿ ದೊಡ್ಡದೆಂದರೆ 100 ಜನ, ಅದಕ್ಕಿಂತ ದೊಡ್ಡದಕ್ಕೆ ಪರವಾನಗಿ ಇಲ್ಲ. ಐದು ಸಾವಿರ ಜನ, ಜಾರುಬಂಡೆ, ಕ್ಯಾಸಿನೋ ಇರುವ ಹಡಗಲ್ಲ. ನೂರರ ಹಡಗಿನಲ್ಲಿ ಗೈಡುಗಳು ಹಲವರು, ಗುಂಪುಗಳು ಹಲವು. ಅಮ್ಮ ನಿಧಾನದ ಗುಂಪಿನಲ್ಲಿ, ಮಗಳು ಕಯಾಕಿನಲ್ಲಿ. ರಾತ್ರಿ ಅಲುಗಾಟವೂ ಕಡಿಮೆ. ಶಾಲಾ ರಜೆಯಲ್ಲಿ ಬಂದರೆ ಅದೇ ವಯಸ್ಸಿನ ಇನ್ನೈದಾರು ಮಕ್ಕಳು ಸಿಕ್ಕಾರು. ಆದರೆ ದಡಕ್ಕೆ ಇಳಿಸಲು ಸರದಿ ಕಾಯಬೇಕು, ಅಡುಗೆಮನೆಯವನಿಗೆ ನಿಮ್ಮ ಹೆಸರು ಗೊತ್ತಿರೋದಿಲ್ಲ. ಹದಿನಾರರ ಹಡಗಿನಲ್ಲಿ ಎರಡನೇ ದಿನಕ್ಕೆ ಕ್ಯಾಪ್ಟನ್ ನಿಮ್ಮ ಮಗನನ್ನು ಚುಕ್ಕಾಣಿಯ ಕೋಣೆಗೆ ಕರೆದಾನು. ನನ್ನ ಹೊಟ್ಟೆಯಲ್ಲಿರುವ ಅತ್ಯುತ್ತಮ ಕಾರ್ಡುಗಳೂ ಅತಿ ಕೆಟ್ಟ ಕಾರ್ಡುಗಳೂ ಹದಿನಾರರ ಹಡಗಿನವೇ. ನೂರರ ಹಡಗಿನವರು "ಚೆನ್ನಾಗಿತ್ತು" ಅಂತ ಬರೆದು ಮುಗಿಸುತ್ತಾರೆ.

ನಾವು: ಬಂಧು ಬಳಗದವರೇ ಸೇರಿ ಇಡೀ ಹಡಗು ಹಿಡಿದರೆ? ಹದಿನಾರೂ ನಮ್ಮವರೇ.

ಪೀಪಾಯಿ: ಎರಡು ಮೂರು ಮನೆ, ಒಂದೇ ವಯಸ್ಸಿನ ಮಕ್ಕಳು ಅಂದರೆ ಅದಕ್ಕಿಂತ ಒಳ್ಳೆಯದಿಲ್ಲ. ದೊಡ್ಡಪ್ಪ, ಚಿಕ್ಕಮ್ಮ, ಬೀಗರು, ಬೀಗರ ಕಡೆಯವರು ಅಂತ ಶುರುವಾದರೆ ಅದು ಹಡಗಲ್ಲ, ನೀರಿನ ಮೇಲೆ ನಡೆಯುವ ನಾಮಕರಣ. ಮಕ್ಕಳು ಎಂಟೂ ದಿನ "ಮುಂದೇನು ಓದ್ತೀಯ" ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು, ಓಡಿಹೋಗಲು ಜಾಗವಿಲ್ಲ.

ನಾವು: ಕ್ಯಾಬಿನ್ ವಿಷಯ?

ಪೀಪಾಯಿ: ಅಲ್ಲಿದೆ ಮಹಾಭಾರತ. ಮೂವರಿಗೆ ಜಾಗ ಇರುವ ಕ್ಯಾಬಿನ್ ಅಪರೂಪ. ಹಾಗಾಗಿ ಅಪ್ಪ ಅಮ್ಮ ಒಂದು ಕಡೆ, ಅಕ್ಕ ತಮ್ಮ ಇನ್ನೊಂದು ಕಡೆ. ಒಂದೇ ಒಂದು ಬಚ್ಚಲು, ಒಂದೇ ಪ್ಲಗ್ಗು, ಒದ್ದೆ ವೆಟ್‌ಸೂಟು ಎರಡು. ಹದಿನೇಳರ ಹುಡುಗಿ ಮನೆಯಲ್ಲಿ ತನ್ನ ಕೋಣೆಗೆ ಚಿಲಕ ಹಾಕಿಕೊಂಡು ಬೆಳೆದವಳು. "ತಾಯಿ ಮಗಳು ಒಂದು, ತಂದೆ ಮಗ ಒಂದು" ಅಂತ ಹಂಚಿಕೊಂಡ ಮನೆಗಳ ಕಾರ್ಡುಗಳು ಹೆಚ್ಚು ಶಾಂತವಾಗಿವೆ. ಬುಕ್ ಮಾಡುವಾಗಲೇ ಬೇರೆ ಬೇರೆ ಮಂಚವೋ, ಜೋಡಿ ಮಂಚವೋ ಎಂದು ಕೇಳಿ. ಅಲ್ಲಿ ಬಂದು ನೋಡಿದರೆ ಜೋಡಿ ಮಂಚಕ್ಕೆ ಗುಲಾಬಿ ಎಸಳು ಹಾಕಿರುತ್ತಾರೆ, ಅದರ ಮುಂದೆ ಅಕ್ಕ ತಮ್ಮ ನಿಂತಿರುತ್ತಾರೆ.

ಇನ್ನು ಆ ದೊಡ್ಡ ಕಿಟಕಿ. ಅದು ಮೇಲಿನ ಡೆಕ್ಕಿನಲ್ಲಿ. ಮೇಲೆ ಹೋದಷ್ಟೂ ತೂಗಾಟ ಜಾಸ್ತಿ. ಕೆಳಗೆ, ಹಡಗಿನ ನಡುಮಧ್ಯದ ಕ್ಯಾಬಿನ್ನಿಗೆ ಗುಂಡು ಕಿಂಡಿ ಮಾತ್ರ, ಎಂಜಿನ್ ಸದ್ದೂ ಉಂಟು, ಆದರೆ ಹೊಟ್ಟೆ ನೆಟ್ಟಗಿರುತ್ತೆ. ಹಡಗು ಸಾಗುವುದೇ ಹೆಚ್ಚಾಗಿ ರಾತ್ರಿ. ಕತ್ತಲಲ್ಲಿ ಕಿಟಕಿಯಿಂದ ಏನು ನೋಡುತ್ತಾರೋ ನಾ ಕಾಣೆ. ಕ್ಯಾಟಮರಾನ್ ಅನ್ನೋ ಜೋಡಿ ಒಡಲಿನ ಹಡಗು ಅಡ್ಡಡ್ಡ ಹೊಯ್ದಾಡೋದು ಕಡಿಮೆ. ವಾಂತಿಯ ಭಯ ಇದ್ದವರು ಅದನ್ನು ನೋಡಬಹುದು.

ನಾವು: ಹಿಂದಿನವರೂ ಹೀಗೆ ಒದ್ದಾಡಿದ್ದಾರೆಯೇ?

ಪೀಪಾಯಿ: 1835ರ ಸೆಪ್ಟೆಂಬರಿನಲ್ಲಿ ಡಾರ್ವಿನ್ ಈ ದ್ವೀಪಕ್ಕೆ ಬಂದ, ಆಗ 26 ವರ್ಷ. ಅವನು ಬಂದ ಬೀಗಲ್ ಹಡಗು ಸುಮಾರು 90 ಅಡಿ ಉದ್ದ, ಇವತ್ತಿನ ಎಷ್ಟೋ ಹದಿನಾರರ ಹಡಗುಗಳ ಅಳತೆಯೇ. ಅದು ಇಂಗ್ಲೆಂಡ್ ಬಿಟ್ಟಾಗ ಒಳಗಿದ್ದವರು 70ಕ್ಕೂ ಹೆಚ್ಚು. ಡಾರ್ವಿನ್ ಸಣ್ಣ ಕೋಣೆಯೊಂದರಲ್ಲಿ ನಕ್ಷೆಯ ಮೇಜಿನ ಮೇಲೆ ಜೋಲಿ ಕಟ್ಟಿ ಮಲಗುತ್ತಿದ್ದ. ಯಾನದ ಐದು ವರ್ಷವೂ ಸಮುದ್ರದ ಓಕರಿಕೆ ಅವನನ್ನು ಬಿಡಲಿಲ್ಲ. ಮೊದಲು ಅಪ್ಪ ಬೇಡವೆಂದಿದ್ದ, ಸೋದರಮಾವ ಹೇಳಿ ಒಪ್ಪಿಸಬೇಕಾಯಿತು. ಈಗ ತಲೆಕೆಳಗು: ಅಪ್ಪ ಹೊರಟು ನಿಂತಿರುತ್ತಾನೆ, ಮಗನನ್ನು ಒಪ್ಪಿಸಲು ಸೋದರಮಾವ ಬೇಕು.

ನಾವು: ಯಾವ ತಿಂಗಳು ಒಳ್ಳೆಯದು?

ಪೀಪಾಯಿ: ಏಪ್ರಿಲ್, ಮೇ. ನೀರು ಬೆಚ್ಚಗೆ, ಸಮುದ್ರ ಶಾಂತ. ಎಸ್ಪನ್ಯೋಲ ದ್ವೀಪಕ್ಕೆ ಆಲ್ಬಟ್ರಾಸ್‌ಗಳೂ ಬಂದಿರುತ್ತವೆ.

ನಾವು: ಆಗ ಸಿಇಟಿ, ನೀಟ್.

ಪೀಪಾಯಿ: ಜೂನ್?

ನಾವು: ಕಾಲೇಜು ಶುರು, ಇಲ್ಲವೇ ಸೀಟಿಗೆ ಕೌನ್ಸೆಲಿಂಗ್.

ಪೀಪಾಯಿ: ಡಿಸೆಂಬರ್?

ನಾವು: ಕೋಚಿಂಗಿನವರು ರಜೆ ಕೊಡೋದಿಲ್ಲ.

ಪೀಪಾಯಿ: ಹಾಗಾದರೆ ಆ ಹುಡುಗಿಗೆ ರಜೆ ಸಿಗೋದು ಕೆಲಸಕ್ಕೆ ಸೇರಿ ಒಂದು ವರ್ಷ ಆದ ಮೇಲೆ. ಅಮೆರಿಕದಲ್ಲಿರುವ ನಿಮ್ಮವರು ಜೂನ್, ಜುಲೈನಲ್ಲಿ ಬರುತ್ತಾರೆ. ಆಗ ಹಂಬೋಲ್ಟ್ ಪ್ರವಾಹದಿಂದ ನೀರು ತಣ್ಣಗಾಗಿರುತ್ತೆ, ಬೆಳಿಗ್ಗೆ ಮೋಡ, ತುಂತುರು. ವೆಟ್‌ಸೂಟ್ ಇಲ್ಲದೆ ಇಳಿದರೆ ಹಲ್ಲು ಕಟಕಟ. ಆದರೆ ಆಗಲೇ ಮಕ್ಕಳಿರುವ ಮನೆಗಳೆಲ್ಲ ಬರೋದು. ಬೆಚ್ಚನೆ ನೀರೋ, ಜೊತೆಗಾರರೋ ಅಂತ ಕೇಳಿದರೆ ಆ ವಯಸ್ಸಿನವರು ಏನು ಹೇಳುತ್ತಾರೆ ಗೊತ್ತಲ್ಲ?

ನಾವು: ಖರ್ಚು?

ಪೀಪಾಯಿ: ಹಡಗಿನ ಲೆಕ್ಕದಲ್ಲಿ ಹದಿನೈದರವನು ಮಗುವಲ್ಲ, ಅನೇಕ ಕಡೆ ರಿಯಾಯಿತಿ ಹನ್ನೆರಡಕ್ಕೇ ಮುಗಿಯುತ್ತೆ. ಪಾರ್ಕಿನ ಶುಲ್ಕವೂ ಹಾಗೇ. 2024ರ ಆಗಸ್ಟಿನಿಂದ ನಿಮ್ಮಂಥ ಪರದೇಶದವರಿಗೆ 200 ಡಾಲರ್, ಮೊದಲು 100 ಇತ್ತು. ಮನೆಯಲ್ಲಿ "ಇನ್ನೂ ಮಗು" ಅನ್ನಿಸಿಕೊಳ್ಳುವವನು ಇಲ್ಲಿ ಪೂರಾ ಗಂಡಸು.

ನಾವು: ಊಟ? ನಮ್ಮ ಸ್ನೇಹಿತರು ಸಸ್ಯಾಹಾರಿಗಳು.

ಪೀಪಾಯಿ: ಮುಂಚೆ ಹೇಳಿದರೆ ತೊಂದರೆಯಿಲ್ಲ. ಈ ದೇಶದವರ ದಿನದ ಊಟವೇ ಅನ್ನ, ಮೆನೆಸ್ತ್ರ ಅನ್ನೋ ಕಾಳಿನ ಗೊಜ್ಜು, ಬಾಳೆಕಾಯಿ ಕರಿದದ್ದು. ಹಸಿ ಹಣ್ಣು, ಬೀಜ, ಗಿಡದ ಕಡ್ಡಿ ತರಬೇಡಿ. ವಿಮಾನ ಹತ್ತುವ ಮುಂಚೆಯೇ ಚೀಲ ತಪಾಸಣೆ ಮಾಡುತ್ತಾರೆ. ಕರಿಬೇವಿನ ಗಿಡ ಇಲ್ಲಿ ಬೇರು ಬಿಟ್ಟರೆ ನಿಮ್ಮ ಅತ್ತೆಗೆ ಸಂತೋಷ, ನಮಗೆ ಆಪತ್ತು.

ನಾವು: ಕೊನೆಗೆ ಹಡಗು ಆರಿಸೋದು ಹೇಗೆ, ಬಿಡಿಸಿ ಹೇಳಿ.

ಪೀಪಾಯಿ: ದಿನಚರಿಯ ಹಾಳೆ ಕೇಳಿ. ಒಂದು ಹಡಗು ಒಂದು ಜಾಗಕ್ಕೆ ಎರಡು ವಾರದೊಳಗೆ ಮತ್ತೆ ಬರುವ ಹಾಗಿಲ್ಲ. ಆದ್ದರಿಂದ ಅದೇ ಹಡಗಿಗೆ ಈ ವಾರ ಒಂದು ದಾರಿ, ಮುಂದಿನ ವಾರ ಇನ್ನೊಂದು. ಪಡುವಣದ ದಾರಿಯಲ್ಲಿ ಇಸಬೆಲಾ, ಫೆರ್ನಾಂದಿನಾ: ಪೆಂಗ್ವಿನ್ನು, ಹಾರಲಾರದ ನೀರುಕಾಗೆ, ಬಂಡೆ ತುಂಬ ಉಪ್ಪು ಸೀನುವ ಇಗ್ವಾನಾ. ಈಶಾನ್ಯಕ್ಕೆ ಹೆನೊವೇಸಾ: ಬರೀ ಹಕ್ಕಿ, ಜೊತೆಗೆ ರಾತ್ರಿಯಿಡೀ ತೆರೆದ ಸಮುದ್ರ. ಹಾಳೆಯಲ್ಲಿ ದಿನಕ್ಕೆ ಎಷ್ಟು ಸಲ ನೀರಿಗಿಳಿಸುತ್ತಾರೆ ಎಂದು ಎಣಿಸಿ. ಎರಡು ಸಲ ಇದ್ದರೆ ಮಕ್ಕಳು ರಾತ್ರಿ ಒಂಬತ್ತಕ್ಕೆ ನಿದ್ದೆ. ಇಲ್ಲದಿದ್ದರೆ ವೈಫೈ ಯಾಕಿಲ್ಲ ಅಂತ ನಿಮ್ಮ ಜೀವ ತಿನ್ನುತ್ತಾರೆ. ಇಲ್ಲೇ ಆಚೆ ಡೆವಿಲ್ಸ್ ಕ್ರೌನ್ ಅಂತ ಮುಳುಗಿದ ಜ್ವಾಲಾಮುಖಿಯ ಬಾಯಿ ಇದೆ, ಸೆಳೆತ ಜೋರು. ಒಬ್ಬಳು ಹುಡುಗಿ ಬರೆದಿದ್ದಳು: "ಕೆಳಗೆ ಶಾರ್ಕ್ ಮಲಗಿತ್ತು. ಅಪ್ಪ ಈಜಿದ ವೇಗ ನೋಡಿ ಎಚ್ಚರ ಆಯ್ತು."

ಇನ್ನೊಂದಿದೆ. ಈ ಕೊಲ್ಲಿಯ ಹಿಂದೆ ಒಂದು ಬಯಲಿದೆ. ಹಡಗಿನ ಕೆಲಸದವರು ಅಲ್ಲಿ ಫುಟ್‌ಬಾಲ್ ಆಡುತ್ತಾರೆ, ಪ್ರವಾಸಿಗರನ್ನೂ ಸೇರಿಸಿಕೊಳ್ಳುತ್ತಾರೆ. ಬೆಳಿಗ್ಗೆಯಿಂದ ಮುಖ ಊದಿಸಿಕೊಂಡಿದ್ದ ಹುಡುಗ ಶೂ ಬಿಚ್ಚಿಟ್ಟು ಬರಿಗಾಲಲ್ಲಿ ಓಡಿ, ಅಡುಗೆಯವನನ್ನು ದಾಟಿ, ಎಂಜಿನ್ನಿನವನಿಗೆ ಚೆಂಡು ಕೊಟ್ಟು, ಗೋಲಾದ ಮೇಲೆ ಸ್ಪ್ಯಾನಿಷಿನಲ್ಲಿ ಏನೋ ಬೈಗುಳ ಕಲಿತು ಬರುತ್ತಾನೆ. ಯಾವ ಕರಪತ್ರದಲ್ಲೂ ಇದರ ಫೋಟೋ ಇಲ್ಲ. ಅಪ್ಪ ಅಷ್ಟರಲ್ಲಿ ಆಚೆ ನೆರಳಿನಲ್ಲಿ ನಿಂತು ಆಫೀಸಿನ ಮೇಲ್ ಬಂತಾ ಅಂತ ಫೋನು ಆಕಾಶಕ್ಕೆ ಎತ್ತಿ ಹಿಡಿದಿರುತ್ತಾನೆ.

ನಾವು: ಅಂದರೆ ಹಾಳೆಗಳನ್ನು ಮಕ್ಕಳ ಕೈಗೇ ಕೊಡೋಣ?

ಪೀಪಾಯಿ: ಎರಡು ಮೂರು ಹಡಗಿನದು ಕೊಟ್ಟು ಒಂದು ವಾರ ಸುಮ್ಮನಿರಿ. ಬೆಲೆ ನೀವು ನೋಡಿ, ದಾರಿ ಅವರು ನೋಡಲಿ.

ನಾವು: ಯಾವುದೂ ಬೇಡ, ನಾವು ಮನೆಯಲ್ಲೇ ಇರ್ತೀವಿ ಅಂದುಬಿಟ್ಟರೆ?

ಪೀಪಾಯಿ: ಹಾಗಾದರೆ ನಿಮ್ಮ ಸ್ನೇಹಿತರು ದಂಪತಿ ಇಬ್ಬರೇ ಬರಲಿ. ಒಂದು ಕ್ಯಾಬಿನ್ ಸಾಕು, ಅರ್ಧ ದುಡ್ಡು ಉಳಿಯುತ್ತೆ. ಗುಲಾಬಿ ಎಸಳೂ ವ್ಯರ್ಥ ಆಗೋದಿಲ್ಲ.