ಪಕ್ಷದ ಫೌಜು, ದೇಶದ ಫೌಜು

ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಫೌಜಿನ ಮಾತಿಗೆ ಹೊತ್ತು ಗೊತ್ತು ಇಲ್ಲ. ನಸುಕಿನಲ್ಲೇ ಕಾಲುವೆ ದಂಡೆಯ ಮೇಲೆ ಹುಡುಗರು ಭರ್ತಿಗೆಂದು ಓಡುತ್ತಿರುತ್ತಾರೆ. ಸಂಜೆ ಕಂಪೌಂಡಿನ ಆಚೆಯಿಂದ ಸುಬೇದಾರ ಕಾಕಾರ ದನಿ ಕೇಳಿದರೆ ನಾನೂ ಗೋಡೆಗೆ ಆತು ನಿಲ್ಲುತ್ತೇನೆ. ಕಾಕಾ ಮರಾಠಾ ಲೈಟ್ ಇನ್‌ಫಂಟ್ರಿಯಲ್ಲಿ ನೌಕರಿ ಮುಗಿಸಿ ಬಂದವರು. ಹುಕ್ಕೇರಿಯಿಂದ ಬಂದ ಮಗಳ ಮಗ ಅಗ್ನಿವೀರ ಆಗಬೇಕೆಂದು ಹಟ ಹಿಡಿದಿದ್ದಾನೆ. ಮೊನ್ನೆ ಅವನೇ ಶುರು ಮಾಡಿದ.

"ಮುತ್ಯಾ, 2025ರ ಅಕ್ಟೋಬರದಾಗ ಚೀನಾದವರು ಒಂಬತ್ತು ಮಂದಿ ದೊಡ್ಡ ದೊಡ್ಡ ಫೌಜಿ ಅಧಿಕಾರಿಗಳನ್ನ ಪಕ್ಷದಿಂದ ಹೊರಗ ಹಾಕಿದ್ರಲ್ಲ, ಫೌಜಿನವರಿಗೆ ಪಕ್ಷ ಎಲ್ಲಿಂದ ಬಂತು?"

"ಅಲ್ಲಿ ಫೌಜ ಪಕ್ಷದ್ದೋ ತಮ್ಮಾ" ಅಂದರು ಕಾಕಾ. "1927ರಾಗ ಆ ಫೌಜು ಹುಟ್ಟಿದಾಗ ಅವರ ಕೈಯಾಗ ದೇಶಾನ ಇರಲಿಲ್ಲ, ಪಕ್ಷ ಇತ್ತು. ಅದೇ ವರ್ಷ ಕಂಪನಿ ಕಂಪನಿಗೂ ಪಕ್ಷದ ಶಾಖೆ ಕೂಡಿಸಿದ್ರು. 1929ರಾಗ ಗುಟಿಯನ್ ಅನ್ನೋ ಊರಾಗ ಸಭೆ ಸೇರಿ, ಬಂದೂಕು ಪಕ್ಷದ ಮಾತು ಕೇಳಬೇಕು ಅಂತ ಗಟ್ಟಿ ಮಾಡಿಕೊಂಡ್ರು."

ಇವತ್ತಿಗೂ ಅದೇ ಕಟ್ಟು. ರೆಜಿಮೆಂಟಿಗೆ ಕಮಾಂಡರ್ ಒಬ್ಬ, ಅವನಷ್ಟೇ ದರ್ಜೆಯ, ಪಕ್ಷದ ಕಡೆಯ ರಾಜಕೀಯ ಕಮಿಸಾರ್ ಇನ್ನೊಬ್ಬ. ದೊಡ್ಡ ನಿರ್ಧಾರವೆಲ್ಲ ಆ ತುಕಡಿಯ ಪಕ್ಷ ಸಮಿತಿಯಲ್ಲಿ ಆಗಬೇಕು. ಎಲ್ಲಕ್ಕೂ ಮೇಲೆ ಕೇಂದ್ರ ಮಿಲಿಟರಿ ಆಯೋಗ. ಕಾಗದದ ಮೇಲೆ ಪಕ್ಷದ್ದೊಂದು, ಸರ್ಕಾರದ್ದೊಂದು ಅಂತ ಎರಡು ಆಯೋಗ. ಒಳಗೆ ಕೂತವರು ಮಾತ್ರ ಅವರೇ. ರಕ್ಷಣಾ ಮಂತ್ರಿಯ ಕೈಯಲ್ಲಿ ಫೌಜಿನ ಲಗಾಮು ಇಲ್ಲ, ಆಯೋಗದ ಅಧ್ಯಕ್ಷನ ಕೈಯಲ್ಲಿದೆ. 1989ರ ಜೂನಿನಲ್ಲಿ ಪ್ರತಿಭಟನೆ ಹತ್ತಿಕ್ಕಲು ಬೀಜಿಂಗಿನ ಬೀದಿಗೆ ಟ್ಯಾಂಕು ಇಳಿದಾಗ ಡೆಂಗ್ ಶಿಯಾವೊಪಿಂಗ್ ರಾಷ್ಟ್ರಾಧ್ಯಕ್ಷರೂ ಅಲ್ಲ, ಪಕ್ಷದ ಪ್ರಧಾನ ಕಾರ್ಯದರ್ಶಿಯೂ ಅಲ್ಲ. ಆಯೋಗದ ಅಧ್ಯಕ್ಷಗಿರಿಯೊಂದೇ ಅವರಲ್ಲಿ ಇದ್ದದ್ದು. ಅದೊಂದೇ ಸಾಕಾಯಿತು.

"ಒಂದು ಮನೀಗೆ ಇಬ್ಬರು ಯಜಮಾನರು ಅಂದ್ರ ಹೆಂಗ ನಡೀತೈತಿ ಕಾಕಾ?" ಅಂದೆ.

"ಇಬ್ಬರಲ್ಲ, ಅಲ್ಲಿ ಯಜಮಾನ ಅಂದ್ರ ಪಕ್ಷ ಒಂದ. ನಾವು ಬೆಳಗಾವಿಯೊಳಗ ಕಸಮ್ ಪರೇಡ್ ಮಾಡಿದಾಗ ನಿಶಾನೆ ಮುಂದ ನಿಂತು ಏನಂದ್ವಿ? ಸಂವಿಧಾನಕ್ಕ ನಿಷ್ಠರಾಗಿರ್ತೀವಿ, ರಾಷ್ಟ್ರಪತಿಗಳ ಹುಕುಂ, ಮೇಲಿನ ಅಧಿಕಾರಿ ಹುಕುಂ ಪಾಲಿಸ್ತೀವಿ ಅಂತ. ಚೀನಾದ ಸಿಪಾಯಿ ಪ್ರಮಾಣದಾಗ ಮೊದಲು ಬರೂದು ಕಮ್ಯುನಿಸ್ಟ್ ಪಕ್ಷದ ನಾಯಕತ್ವ. ಉಳಿದದ್ದೆಲ್ಲ ಆಮ್ಯಾಲ."

ನನಗೆ ಈ ವಿಷಯ ಬಂದಾಗೆಲ್ಲ ಕೊಡಗಿನ ಜನರಲ್ ತಿಮ್ಮಯ್ಯನವರು ನೆನಪಾಗುತ್ತಾರೆ. ಕೊರಿಯಾ ಯುದ್ಧ ನಿಂತ ಮೇಲೆ, 1953ರಲ್ಲಿ, ಊರಿಗೆ ಮರಳಲು ಒಲ್ಲೆನೆಂದ ಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಆ ಕೈದಿಗಳಲ್ಲಿ ಚೀನೀ ಸಿಪಾಯಿಗಳು ಸಾವಿರಾರು. ಅದೇ ಕೊರಿಯಾದಲ್ಲಿ ಚೀನೀ ಸೈನ್ಯವನ್ನು ನಡೆಸಿದವರು ಪೆಂಗ್ ದೆಹುವಾಯ್. ಮುಂದೆ ಪೆಂಗ್ ಚೀನಾದ ರಕ್ಷಣಾ ಮಂತ್ರಿಯಾದರು, ತಿಮ್ಮಯ್ಯ ನಮ್ಮ ಭೂಸೇನೆಯ ಮುಖ್ಯಸ್ಥರಾದರು.

1959ರಲ್ಲಿ ಇಬ್ಬರೂ ಮೇಲಿನವರಿಗೆ ಎದುರು ನಿಂತರು. ಜುಲೈನಲ್ಲಿ ಲುಶಾನ್ ಬೆಟ್ಟದ ಸಭೆಯ ಹೊತ್ತಿಗೆ ಪೆಂಗ್, ಚೀನಾದ 'ಮಹಾ ಮುನ್ನಡೆ' (ಗ್ರೇಟ್ ಲೀಪ್ ಫಾರ್ವರ್ಡ್) ಯೋಜನೆಯಲ್ಲಿ ತಪ್ಪಾಗಿದೆ ಎಂದು ಪಕ್ಷದ ಅಧ್ಯಕ್ಷ ಮಾವೋ ಅವರಿಗೆ ಪತ್ರ ಬರೆದರು. ಆಗಸ್ಟ್ 31ರಂದು ಇಲ್ಲಿ ತಿಮ್ಮಯ್ಯ, ರಕ್ಷಣಾ ಮಂತ್ರಿ ಕೃಷ್ಣ ಮೆನನ್ ಜೊತೆ ಕೆಲಸ ಮಾಡಲಾರೆನೆಂದು ರಾಜೀನಾಮೆ ಕೊಟ್ಟರು. ಪೆಂಗ್ ಅವರಿಗೆ ಪಕ್ಷವಿರೋಧಿ ಅನ್ನುವ ಹಣೆಪಟ್ಟಿ ಹಚ್ಚಿ ಸೆಪ್ಟೆಂಬರಿನಲ್ಲಿ ಮಂತ್ರಿ ಪದವಿಯಿಂದ ಇಳಿಸಿದರು. ಸಾಂಸ್ಕೃತಿಕ ಕ್ರಾಂತಿಯಲ್ಲಿ ಹೊಡೆತ ತಿಂದು, ಸೆರೆಯಲ್ಲೇ ಬಳಲಿ, 1974ರಲ್ಲಿ ತೀರಿಕೊಂಡರು. ಅವರ ಮೇಲಿನ ಆರೋಪ ಅಳಿದದ್ದು 1978ರಲ್ಲಿ. ತಿಮ್ಮಯ್ಯನವರನ್ನು ನೆಹರು ಕರೆಸಿ ಮನವೊಲಿಸಿದರು, ರಾಜೀನಾಮೆ ವಾಪಸಾಯಿತು, ಸಂಸತ್ತಿನಲ್ಲಿ ಎಲ್ಲರೆದುರು ಚರ್ಚೆಯಾಯಿತು. 1961ರಲ್ಲಿ ಅವಧಿ ಮುಗಿಸಿಯೇ ನಿವೃತ್ತರಾದರು.

"ಹಂಗಂತ ನಮ್ಮದೆಲ್ಲ ಛಲೋ ಇತ್ತು ಅನ್ನಬ್ಯಾಡ" ಎಂದು ಕಾಕಾ ನನ್ನನ್ನು ತಡೆದರು. "ಸಂಸತ್ತಿನಾಗ ನೆಹರೂ ಅವರು ತಿಮ್ಮಯ್ಯ ಸಾಹೇಬರನ್ನ ಎತ್ತಿ ಹಿಡೀಲಿಲ್ಲ. ಅವರ ಮಾತಿಗೆ ಬೆಲೆ ಸಿಗಲಿಲ್ಲ. 1962ರ ಚೀನಾ ಯುದ್ಧದಾಗ ಗಡಿಯೊಳಗ ಸತ್ತವರು ಯಾರು? ಸಿಪಾಯಿಗಳು. ಮೆನನ್ ಆಮ್ಯಾಲ ಕುರ್ಚಿ ಬಿಟ್ರು ಖರೆ, ಸತ್ತವರು ಬರಲಿಲ್ಲ."

ಇದನ್ನು ನಾನೂ ಒಪ್ಪುತ್ತೇನೆ. ಫೌಜು ಚುನಾಯಿತರ ಕೈಕೆಳಗೆ ಇರಬೇಕು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಕೈಕೆಳಗಿನವನು ಹೇಳುವ ಸತ್ಯವನ್ನು ಕೇಳಿಸಿಕೊಳ್ಳುವ ಕಿವಿ ಮೇಲಿನವರಿಗೂ ಬೇಕು. ಚೀನಾದಲ್ಲಿ ಅಂಥ ಸತ್ಯ ಹೇಳಿದ್ದಕ್ಕೆ ಪೆಂಗ್ ಜೀವವನ್ನೇ ತೆತ್ತರು.

"ನಮ್ಮ ಫೌಜಿಗೆ ಪಕ್ಷಾನ ಇಲ್ಲ ಅಂದ್ರ, ಫೌಜಿಗೆ ಹೋದ ಮ್ಯಾಲ ನಾ ವೋಟ ಹಾಕೂವಂಗಿಲ್ಲೇನು?" ಹುಡುಗನಿಗೆ ಚಿಂತೆ.

"ಹಾಕಬೇಕು. ಡ್ಯೂಟಿ ಮ್ಯಾಲ ಇದ್ರೂ ಅಂಚೆ ಮತ ಐತಿ. ಆದ್ರ ಪಕ್ಷದ ಮೆಂಬರ್ ಆಗೂವಂಗಿಲ್ಲ, ಪಕ್ಷದ ಸಭೆಯಾಗ ಮಾತಾಡೂವಂಗಿಲ್ಲ. ಆರ್ಮಿ ಆಕ್ಟ್ 1950ರದ್ದು, ಅದರ ಕೆಳಗ ಮಾಡಿದ 1954ರ ಆರ್ಮಿ ರೂಲ್ಸಿನಾಗ ಈ ನಿಯಮ ಐತಿ. ನಮ್ಮ ಪ್ಲಟೂನಿನಾಗ ಯಾರು ಯಾವ ಪಾರ್ಟಿ ಅಂತ ಯಾರೂ ಯಾರನ್ನೂ ಕೇಳ್ತಿರಲಿಲ್ಲ." ಕಾಕಾ ಅವನ ಮೊಬೈಲ್ ಇಸಿದುಕೊಂಡು ವಾಟ್ಸಾಪ್ ಸ್ಟೇಟಸ್ ತೆಗೆದು ನೋಡಿದರು. ಒಬ್ಬ ಪುಢಾರಿಯ ಹುಟ್ಟುಹಬ್ಬದ ಬ್ಯಾನರು, ಮೂಲೆಯಲ್ಲಿ ಇವನದೂ ಫೋಟೋ.

"ಭರ್ತಿ ಆದ್ಮ್ಯಾಲ ಇಂಥಾದ್ದು ನಡಿಯೂದಿಲ್ಲ" ಅಂದರು ಕಾಕಾ. "ಈಗಿಂದನ ರೂಢಿ ಮಾಡ್ಕೊ."