ಎಣ್ಣೆ ಎಲ್ಲಿಗೆ ಬೇಕು, ಎಲ್ಲಿಗೆ ಬೇಡ

ಅತ್ತಿಗೆ, ಆ ಪಾಚಿ ಕೆರೆಯೋದನ್ನು ಒಂದು ಗಳಿಗೆ ಬಿಟ್ಟು ಇಲ್ಲಿ ಬೇಲಿ ಹತ್ತಿರ ಬನ್ನಿ. ಮಳೆಯೂ ಹೊಳವಾಗಿದೆ. ಆಷಾಢದಲ್ಲಿ ಅಂಗಳದ ಜಂಬಿಟ್ಟಿಗೆ ಹಸಿರಾಗದ ಮನೆ ನಮ್ಮ ಮಲೆನಾಡಲ್ಲಿ ಯಾವುದಿದೆ? ಕೆರೆದಷ್ಟೂ ಬರ್ತದೆ. ಕೊಟ್ಟಿಗೆ ದಾರಿಗಾದರೂ ನಾಲ್ಕು ಸೋಗೆ ಹಾಸಿಬಿಡಿ, ಕಾಲಿಗೆ ಹಿಡಿತ ಸಿಗ್ತದೆ.

ಕಾಲೆತ್ತಿ ಮುಂದಿಟ್ಟರೆ ಮುಂದೆ ಹೋಗ್ತೇವೆ ಅಂದುಕೊಂಡಿರ್ತೇವಲ್ಲ, ನಡಿಗೆ ಅಷ್ಟು ಸುಲಭದ್ದಲ್ಲ. ಹಿಂದಿನ ಪಾದ ನೆಲವನ್ನು ಹಿಂದಕ್ಕೆ ಒತ್ತಬೇಕು. ಅದು ಜಾರದ ಹಾಗೆ ನೆಲ ಹಿಡಿದುಕೊಳ್ಳಬೇಕು. ಆಗ ನೆಲವೇ ನಮ್ಮನ್ನು ಮುಂದಕ್ಕೆ ತಳ್ಳುವುದು. ಹೀಗೆ ಹಿಡಿದು ತಳ್ಳುವುದು ಘರ್ಷಣೆಯ ಕೆಲಸ. ಚಲನೆಗೆ ಅಡ್ಡಿ ಮಾಡುವ ಬಲ ಅಂತ ಶಾಲೆಯಲ್ಲಿ ಮಕ್ಕಳಿಗೆ ಬರೆಸ್ತಾರೆ. ಅದು ಅರ್ಧ ಮಾತ್ರ ನಿಜ. ಅದು ಇಲ್ಲದಿದ್ದರೆ ಕುಳಿತಲ್ಲಿಂದ ಏಳುವುದಕ್ಕೂ ನಮ್ಮಿಂದ ಆಗ್ತಿರಲಿಲ್ಲ.

ಪಾಚಿಯ ಮೇಲೆ ಆಗುವುದೇ ಬೇರೆ. ಲೋಳೆಯೂ ನೀರೂ ಸೇರಿ ತೆಳ್ಳಗಿನ ಪದರವಾಗಿ ಅಂಗಾಲಿಗೂ ಕಲ್ಲಿಗೂ ನಡುವೆ ನಿಂತುಬಿಡ್ತವೆ. ಪಾದ ಕಲ್ಲನ್ನು ಮುಟ್ಟುವುದೇ ಇಲ್ಲ. ನಮ್ಮ ಅಜ್ಜಿಯಂದಿರು ಮಳೆಗಾಲದಲ್ಲಿ ಪುಟ್ಟ ಪುಟ್ಟ ಹೆಜ್ಜೆ ಇಡ್ತಿದ್ದರಲ್ಲ, ಅದು ಬರೀ ಹೆದರಿಕೆಯಿಂದ ಅಲ್ಲ. ದೊಡ್ಡ ಹೆಜ್ಜೆ ಹಾಕಿದರೆ ಕಾಲು ಓರೆಯಾಗಿ ನೆಲಕ್ಕೆ ಊರ್ತದೆ, ಅಡ್ಡಕ್ಕೆ ಒತ್ತುವ ಬಲ ಜಾಸ್ತಿ ಆಗ್ತದೆ. ಚಿಕ್ಕ ಹೆಜ್ಜೆಯಲ್ಲಿ ಕಾಲು ನೆಟ್ಟಗಿರ್ತದೆ, ಭಾರವೆಲ್ಲ ನೇರ ಕೆಳಗೆ ಬೀಳ್ತದೆ. ಇರುವ ಅಷ್ಟಿಷ್ಟು ಹಿಡಿತವೇ ಸಾಕಾಗ್ತದೆ. ಅವರ ಲೆಕ್ಕ ಸರಿಯಾಗಿಯೇ ಇತ್ತು.

ಘರ್ಷಣೆಯ ಲೆಕ್ಕವನ್ನು ಮೊದಲು ಕಾಗದಕ್ಕೆ ಇಳಿಸಿದವರಲ್ಲಿ ಒಬ್ಬ ಲಿಯೊನಾರ್ಡೊ ಡ ವಿಂಚಿ, ಐನೂರು ವರ್ಷದ ಹಿಂದೆ. ಅವನ ಟಿಪ್ಪಣಿಗಳು ಬಹುಕಾಲ ಅಚ್ಚಾಗದೆ ಉಳಿದವು. 1699ರಲ್ಲಿ ಫ್ರಾನ್ಸಿನ ಅಮೊಂಟೊನ್ ಅದೇ ಮಾತನ್ನು ಮತ್ತೆ ಕಂಡುಕೊಂಡ: ಭಾರ ಇಮ್ಮಡಿಯಾದರೆ ಘರ್ಷಣೆಯೂ ಇಮ್ಮಡಿ, ಆದರೆ ತಾಗುವ ಜಾಗ ಹಿಗ್ಗಿದರೂ ಕುಗ್ಗಿದರೂ ಅದು ಬದಲಾಗುವುದಿಲ್ಲ. ನಿಮ್ಮ ಅಟ್ಟದ ಮೇಲಿನ ಮರದ ಪೆಟ್ಟಿಗೆಯನ್ನು ಮಲಗಿಸಿ ಎಳೆದರೂ ನಿಲ್ಲಿಸಿ ಎಳೆದರೂ ಹೆಚ್ಚುಕಡಿಮೆ ಒಂದೇ ಬಲ ಬೇಕು. ನಂಬೋದು ಕಷ್ಟ, ಅಲ್ವಾ? ಎಷ್ಟೇ ನುಣುಪಾದ ಹಲಗೆಯಲ್ಲೂ ಕಣ್ಣಿಗೆ ಕಾಣದ ಉಬ್ಬುತಗ್ಗು ಇರ್ತದೆ. ಉಬ್ಬುಗಳ ತುದಿಗಳು ಮಾತ್ರ ಒಂದಕ್ಕೊಂದು ನಿಜವಾಗಿ ತಾಗುವುದು. ಮಲಗಿಸಿದಾಗ ಜಾಗ ಹಿಗ್ಗಿದರೂ ಒಂದೊಂದು ಕಡೆ ಬೀಳುವ ಒತ್ತಡ ಕಮ್ಮಿ ಆಗ್ತದೆ. ಒಟ್ಟು ತಾಗುವಿಕೆ ಅಷ್ಟೇ ಉಳೀತದೆ. ಇನ್ನು, ಮೊದಲು ಅಲುಗಿಸೋಕೆ ಉಸಿರು ಬಿಗಿಹಿಡಿದು ಜಗ್ಗಬೇಕು, ಹೊರಟ ಮೇಲೆ ಹಗುರ. ನಿಂತ ವಸ್ತುವಿನ ಹಿಡಿತ ಜಾರುವ ವಸ್ತುವಿನ ಹಿಡಿತಕ್ಕಿಂತ ಗಟ್ಟಿ.

ಏನಂದಿರಿ? ಘರ್ಷಣೆ ಅಷ್ಟೊಂದು ಬೇಕಾದದ್ದಾದರೆ ಬಾವಿಯ ರಾಟೆಗೆ ಎಣ್ಣೆ ಯಾಕೆ ಅಂತಲಾ? ಒಳ್ಳೆ ಪ್ರಶ್ನೆ. ರಾಟೆಯ ನಡುವಿನ ಕಬ್ಬಿಣದ ಸರಳಿಗೆ ಎಣ್ಣೆ ಬಿಡ್ತೀರಿ, ಹಗ್ಗ ಕೂರುವ ಹಳ್ಳಕ್ಕೆ ಬಿಡ್ತೀರಾ? ಇಲ್ಲ. ಅಲ್ಲಿ ಹಗ್ಗ ಹಿಡಿದುಕೊಂಡರೇ ರಾಟೆ ತಿರುಗುವುದು. ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ, ಗಾಲಿಯ ಪಟ್ಟಿಗೆ ಏನೂ ಇಲ್ಲ. ಸೈಕಲ್ಲಿನ ಚೈನಿಗೆ ಎಣ್ಣೆ, ಬ್ರೇಕು ಹಿಡಿಯುವ ರಿಮ್ಮಿಗೆ ತಪ್ಪಿಯೂ ಇಲ್ಲ. ಎಲ್ಲಿ ಜಾರಬೇಕು, ಎಲ್ಲಿ ಹಿಡಿಯಬೇಕು ಅನ್ನೋದನ್ನು ಒಂದೇ ಯಂತ್ರದಲ್ಲಿ ಬೇರೆಬೇರೆ ಮಾಡಿಟ್ಟವರ ಬುದ್ಧಿಯನ್ನು ನಾನು ಬಹಳ ಮೆಚ್ಚುತ್ತೇನೆ.

ಹಗ್ಗ ಅಂದಾಗ ನೆನಪಾಯ್ತು. ತೆಂಗಿನ ನಾರು ಎಷ್ಟುದ್ದ ಇರ್ತದೆ ಹೇಳಿ? ಒಂದು ಗೇಣು ಅಂದುಕೊಳ್ಳಿ. ಅಂಥ ಗೇಣುದ್ದದ ನಾರುಗಳಿಂದ ಬಾವಿಯಷ್ಟುದ್ದದ ಹಗ್ಗ ಆಗ್ತದೆ, ಅದರಲ್ಲಿ ಅಂಟೂ ಇಲ್ಲ, ಗಂಟೂ ಇಲ್ಲ. ಹೊಸೆದ ನಾರುಗಳು ಒಂದನ್ನೊಂದು ಒತ್ತಿ ಹಿಡಿದಿರ್ತವೆ ಅಷ್ಟೆ. ಜಗ್ಗಿದಷ್ಟೂ ಹೊಸೆತ ಬಿಗಿಯಾಗಿ ಒತ್ತಡ ಹೆಚ್ಚಾಗ್ತದೆ. ನಾವು ಉಟ್ಟ ಹತ್ತಿ ಸೀರೆಯ ನೂಲೂ ಹೀಗೇ. ಘರ್ಷಣೆ ಕೈಬಿಟ್ಟರೆ ಮೈಮೇಲೆ ಸೀರೆ ಇರೋದಿಲ್ಲ, ಅರಳೆ ಇರ್ತದೆ.

ಅದೇ ಹಗ್ಗವನ್ನು ಕಂಬಕ್ಕೆ ಸುತ್ತಿ ನೋಡಿ. ಹಿಡಿತ ಸುತ್ತಿನಿಂದ ಸುತ್ತಿಗೆ ಕೂಡುತ್ತಾ ಹೋಗೋದಿಲ್ಲ, ಗುಣಿಸುತ್ತಾ ಹೋಗ್ತದೆ. ಘರ್ಷಣಾಂಕ, ಅಂದರೆ ಒತ್ತುವ ಬಲದಲ್ಲಿ ಘರ್ಷಣೆ ಎಷ್ಟು ಪಾಲು ಅನ್ನೋ ಅಂಕಿ, 0.3 ಅಂತ ಇಟ್ಟುಕೊಂಡರೆ ಒಂದು ಸುತ್ತಿಗೆ ಸುಮಾರು ಆರೂವರೆ ಪಟ್ಟು, ಮೂರು ಸುತ್ತಿಗೆ 280 ಪಟ್ಟಿಗೂ ಮೇಲೆ. ಗಾಬರಿಬಿದ್ದ ಹೋರಿಯನ್ನು ಬರಿಗೈಲಿ ಹಿಡಿಯಲಾರದ ಹುಡುಗ ಕಂಬಕ್ಕೆ ಮೂರು ಸುತ್ತು ಹಾಕಿ ಆರಾಮಾಗಿ ನಿಲ್ಲೋದು ಈ ಬಲದಿಂದಲೇ.

ನನಗೆ ಮೈ ಜುಮ್ಮೆನ್ನೋದು ಅಡಿಕೆ ಮರ ಹತ್ತುವ ಕೊನೆಗಾರರನ್ನು ನೋಡಿದಾಗ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದೂ ಇದೇ ಮಳೆಯಲ್ಲಿ. ಮರ ಒದ್ದೆ, ಕಾಂಡಕ್ಕೆ ಹಾವಸೆ. ಪಾದಕ್ಕೆ ಹಾಕಿದ ತಳೆ ಎರಡು ಪಾದಗಳನ್ನೂ ಅಗಲಕ್ಕೆ ಹೋಗಲು ಬಿಡುವುದಿಲ್ಲ. ಮೈಭಾರ ಕೆಳಗೆ ಜಗ್ಗಿದಾಗ ಅಂಗಾಲುಗಳು ಕಾಂಡವನ್ನು ಇನ್ನಷ್ಟು ಒತ್ತಿ ಹಿಡೀತವೆ. ಬೀಳಿಸಬೇಕಾದ ಭಾರವೇ ಹಿಡಿತ ಕೊಡ್ತದೆ. ಆದರೆ ಒದ್ದೆ ಮರ ಆ ಹಿಡಿತವನ್ನು ಎಷ್ಟು ಕಸಿದುಕೊಂಡಿದೆ ಅನ್ನೋದು ಮೇಲಿರುವವನ ಅಂಗಾಲಿಗೆ ಮಾತ್ರ ಗೊತ್ತು. ಅದಕ್ಕೇ ಅವನು ಇವತ್ತು ಬೇಡ ಅಂದರೆ ನಾವು ಒತ್ತಾಯ ಮಾಡಬಾರದು, ಅತ್ತಿಗೆ. ಸೊಂಟಕ್ಕೆ ಪಟ್ಟಿ ಕಟ್ಟದೆ ಹತ್ತಿಸಲೂ ಬಾರದು. ಈಗ ನೆಲದಲ್ಲೇ ನಿಂತು ಉದ್ದನೆ ದೋಟಿಯಲ್ಲಿ ಹೊಡೆಯುವವರೂ ಬಂದಿದ್ದಾರಲ್ಲ, ಅವರಿಗೇ ಹೇಳಿಕಳಿಸಿ.

ಇರಿ, ಒಳಗೆ ಹೋಗಬೇಡಿ, ನಿಮ್ಮ ಮಗ ನಾಳೆ ಬೈಕಲ್ಲಿ ಆಗುಂಬೆ ಘಾಟಿ ಇಳೀತಾನೆ ಅಂದಿರಲ್ಲ. 14 ತಿರುವು, ಅದೂ ಈ ಮಳೆಯಲ್ಲಿ. ಸಮತಟ್ಟು ರಸ್ತೆಯಲ್ಲೇ ಲೆಕ್ಕ ಹಾಕಿ: ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಬ್ರೇಕು ಹಿಡಿದ ಮೇಲೆ, ಘರ್ಷಣಾಂಕ 0.7 ಇರುವ ಒಣ ರಸ್ತೆಯಲ್ಲಿ ಬಂಡಿ ಸುಮಾರು 20 ಮೀಟರಿಗೆ ನಿಲ್ತದೆ. ಒದ್ದೆಯಾಗಿ ಅದು 0.4ಕ್ಕೆ ಇಳಿದರೆ 35 ಮೀಟರ್ ಬೇಕು. ವೇಗ ಅರ್ಧ ಮಾಡಿದರೆ ಆ ದೂರ ಕಾಲುಭಾಗಕ್ಕೆ ಇಳೀತದೆ. ಇಳಿಜಾರಲ್ಲಿ ಇದೆಲ್ಲ ಇನ್ನೂ ಉದ್ದ ಆಗ್ತದೆ. ತಿರುವಿನ ನಡುವೆ ಬ್ರೇಕು ಒತ್ತುವುದು ಬೇಡ, ಮೊದಲೇ ನಿಧಾನ ಮಾಡಿ ಚಿಕ್ಕ ಗೇರಿನಲ್ಲಿ ಇಳಿಯಲಿ. ಟೈರಿನ ಗೀರು ಸವೆದಿದ್ದರೆ ನೀರು ಹೊರಹೋಗಲು ದಾರಿ ಇರೋದಿಲ್ಲ, ರಬ್ಬರು ನೀರಿನ ಮೇಲೇ ಓಡ್ತದೆ. ಹಿಂದಿನ ಟೈರು ನಾನು ಮೊನ್ನೆ ನೋಡಿದೆ, ನುಣ್ಣಗಾಗಿದೆ. ಪೇಟೆಯಲ್ಲಿ ಬದಲಾಯಿಸಿಕೊಂಡೇ ಹೊರಡು ಅಂತ ಹೇಳಿ, ನಾನು ಹೇಳಿದೆ ಅಂತಲೇ ಹೇಳಿ.