ಕೊನೆಯ ಹತ್ತು ಸಾಲಿನ ಲಾಗಣ್ಣ

ಬೆಂಗಳೂರಿನ ಔಟರ್ ರಿಂಗ್ ರೋಡಿನಲ್ಲಿ ಯಾವ ಸಾಫ್ಟ್‌ವೇರ್ ಆಫೀಸಿಗೆ ಬೇಕಾದರೂ ಹೋಗಿ, ಪ್ರೊಡಕ್ಷನ್ ಸಪೋರ್ಟ್‌ನವರು ಎಲ್ಲಿ ಕೂರುತ್ತಾರೆ ಎಂದು ಕೇಳಿ. ಎಸಿ ಗಾಳಿ ನೇರ ನೆತ್ತಿಗೆ ಬಡಿಯುವ ಒಂದು ಮೂಲೆಯನ್ನು ತೋರಿಸುತ್ತಾರೆ. ಅಲ್ಲಿ ಸ್ವೆಟರ್ ಹಾಕಿಕೊಂಡು ಕೂತವನೇ ಲಾಗಣ್ಣ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ, ಅದು ಎಚ್‌ಆರ್‌ನವರಿಗೆ ಮಾತ್ರ ಗೊತ್ತು. ಅವನ ಮುಂದೆ ಎರಡು ಮಾನಿಟರ್. ಒಂದರಲ್ಲಿ ಎಲ್ಲರಂತೆ ಮೇಲು, ಮೀಟಿಂಗು. ಇನ್ನೊಂದರಲ್ಲಿ ಕಪ್ಪು ಪರದೆ, ಹಸಿರು ಅಕ್ಷರ, ತಳದಲ್ಲಿ ಹುಟ್ಟಿ ಮೇಲಕ್ಕೆ ಓಡಿ ಮಾಯವಾಗುವ ಸಾಲುಗಳು. ಸರ್ವರ್ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಫೈಲಿನ ತುದಿ ಅದು. ಟೇಲ್ ಮೈನಸ್ ಎಫ್ ಎಂದು ಬೆಳಗ್ಗೆ ಒಮ್ಮೆ ಟೈಪಿಸಿದರೆ ಮುಗಿಯಿತು, ಸಂಜೆಯವರೆಗೂ ಹೊಸ ಸಾಲು ಬಂದ ಹಾಗೆ ಬಂದ ಹಾಗೆ ತೋರಿಸುತ್ತಲೇ ಇರುತ್ತದೆ. ಲಾಗಣ್ಣ ನೋಡುತ್ತಲೇ ಇರುತ್ತಾನೆ. ಜೆಸಿಬಿ ಮಣ್ಣು ಅಗೆಯುವುದನ್ನು ನೋಡುತ್ತಾ ನಿಂತವರ ಮುಖದಲ್ಲಿರುವ ನೆಮ್ಮದಿಯೇ ಅವನ ಮುಖದಲ್ಲೂ.

ಯಾರಾದರೂ ಓಡಿಬಂದು, “ಅಣ್ಣಾ, ಪೇಮೆಂಟ್ ಪೇಜ್ ಎರರ್ ಹೊಡೀತಿದೆ” ಎಂದರೆ ಅವನು ಗಾಬರಿಯಾಗುವುದಿಲ್ಲ. ಎಂಟರ್ ಕೀಲಿಯನ್ನು ಟಪಟಪ ನಾಲ್ಕೈದು ಸಲ ಒತ್ತುತ್ತಾನೆ. ಪರದೆಯಲ್ಲಿ ಒಂದಿಷ್ಟು ಖಾಲಿ ಜಾಗ ಆಗುತ್ತದೆ. ಅದರ ಮೇಲಿನದು ಹಳೆಯದು, ಕೆಳಗೆ ಬರುವುದು ಹೊಸದು. ಈ ಗಡಿ ಗುರುತಿಸುವ ಕೆಲಸವನ್ನು ಯಾವ ಪುಸ್ತಕವೂ ಹೇಳಿಕೊಡುವುದಿಲ್ಲ, ಆದರೆ ಲಾಗ್ ನೋಡುವವರೆಲ್ಲ ಮಾಡುತ್ತಾರೆ.

“ಹೂಂ, ಈಗ ಮಾಡು.”

“ಕ್ಲಿಕ್ ಮಾಡಿದೆ ಅಣ್ಣ. ಬಂತಾ?”

“ಇರು.”

“ಬಂತಾ?”

“ಬಂತು ಬಂತು... ಹೋಯ್ತು. ಇನ್ನೊಂದ್ಸಲ ಮಾಡು.”

ಹೀಗೆ ಅರ್ಧ ಗಂಟೆ. ಅಷ್ಟರಲ್ಲಿ ಬೆನ್ನ ಹಿಂದೆ ಮ್ಯಾನೇಜರ್, ಮ್ಯಾನೇಜರ್‌ನ ಮ್ಯಾನೇಜರ್, ಕಾಫಿ ಕಪ್ ಹಿಡಿದು ಸುಮ್ಮನೆ ಬಂದ ಇಬ್ಬರು, ಎಲ್ಲರೂ ನೆರೆದಿರುತ್ತಾರೆ. ಯಾರಿಗೂ ಅಲ್ಲಿರುವುದನ್ನು ಓದಲು ಬರುವುದಿಲ್ಲ, ಎಲ್ಲರೂ ತಲೆಯಾಡಿಸುತ್ತಾರೆ. ಕೊನೆಗೆ ಲಾಗಣ್ಣ ಕುರ್ಚಿಯನ್ನು ಹಿಂದಕ್ಕೆ ತಳ್ಳಿ ತೀರ್ಪು ಕೊಡುತ್ತಾನೆ: “ಡೇಟಾಬೇಸ್ ಇಶ್ಯೂ.”

ಯಾವ ರೋಗಕ್ಕೂ ಅದೇ ತೀರ್ಪು. ಕಾರಣವಿದೆ. ಏನೂ ಹೇಳದಿದ್ದರೆ ಟೇಲ್ ತೋರಿಸುವುದು ಕೊನೆಯ 10 ಸಾಲು. ಜಾವಾ ಪ್ರೋಗ್ರಾಂ ಬಿದ್ದಾಗ ತಾನು ಯಾವ ಫಂಕ್ಷನ್‌ನಿಂದ ಯಾವ ಫಂಕ್ಷನ್‌ಗೆ ಹೋಗಿ ಬಿದ್ದೆ ಎಂದು ವಂಶಾವಳಿಯನ್ನೇ ಒಪ್ಪಿಸುತ್ತದೆ, ಅದು ನೂರು ಸಾಲಾದರೂ ಆಶ್ಚರ್ಯವಿಲ್ಲ. ನಿಜವಾದ ಕಾರಣ ಎಲ್ಲೋ ಮೇಲೆ ಕೂತಿರುತ್ತದೆ, ಕೆಳಗಿನ ಹತ್ತರಲ್ಲಿ ಉಳಿಯುವುದು ‘ಇನ್ನೂ 23 ಇವೆ’ ಎಂಬಂಥ ಶೇಷ ಮಾತ್ರ. ಮೈನಸ್ ಎನ್ 200 ಎಂದರೆ ಇನ್ನೂರು ಸಾಲು ತೋರಿಸುತ್ತದೆಂದು ಲಾಗಣ್ಣನಿಗೆ ಗೊತ್ತಿಲ್ಲದೆ ಇಲ್ಲ. ಆದರೆ ಇನ್ನೂರು ಸಾಲು ಓದುವುದು ಡೆವಲಪರ್‌ಗಳ ಕೆಲಸ ಎಂಬುದು ಅವನ ನಂಬಿಕೆ.

ಹಾಗೆಂದು ಅವನನ್ನು ದಡ್ಡ ಅನ್ನುವಂತಿಲ್ಲ. ಮೊನ್ನೆ ಮೊನ್ನೆ ಸೇರಿದ ಇಂಟರ್ನ್ ಹುಡುಗಿ ನಲವತ್ತು ಜಿಬಿಯ ಲಾಗನ್ನು ಕ್ಯಾಟ್ ಕಮಾಂಡಿಗೆ ಕೊಟ್ಟು, ಪರದೆ ಹುಚ್ಚು ಹೊಳೆಯಾಗಿ ಹರಿಯುವಾಗ ಕಂಟ್ರೋಲ್ ಸಿ ಒತ್ತಿ ಒತ್ತಿ ಸುಸ್ತಾಗಿದ್ದಳು. ಲಾಗಣ್ಣ ಎದ್ದುಬಂದು ಪಾಠ ಮಾಡಿದ. ಟೇಲ್ ಫೈಲನ್ನು ಮೊದಲಿಂದ ಓದುವುದೇ ಇಲ್ಲಮ್ಮ, ಸೀದಾ ಕೊನೆಗೆ ಹಾರುತ್ತದೆ, ಅಲ್ಲಿಂದ ಹಿಂದಕ್ಕೆ ಬರುತ್ತಾ ಸಾಲು ಎಣಿಸುತ್ತದೆ, ಹತ್ತಾದ ಕೂಡಲೇ ನಿಲ್ಲುತ್ತದೆ. ನಾಲ್ಕು ಕೆಬಿಯಾದರೇನು, ನಲವತ್ತು ಜಿಬಿಯಾದರೇನು, ಅದಕ್ಕೆ ಒಂದೇ. ಆದರೆ ಪೈಪ್ ಹಾಕಿ ಕ್ಯಾಟ್‌ನಿಂದ ಟೇಲ್‌ಗೆ ಸುರಿದೆಯೋ, ಅದಕ್ಕೆ ಹಾರಲು ಜಾಗವಿಲ್ಲ, ಪಾಪ ಮೊದಲಿಂದ ಅಷ್ಟನ್ನೂ ನುಂಗಬೇಕು. 1979ರ ಏಳನೇ ಆವೃತ್ತಿಯ ಯುನಿಕ್ಸ್‌ನಲ್ಲೇ ಈ ಕಮಾಂಡ್ ಇತ್ತು, ನಾನಿನ್ನೂ ಹುಟ್ಟಿರಲಿಲ್ಲ. ಲಿನಕ್ಸ್‌ನಲ್ಲಿ ಮೊದಲು ಹೊಸ ಸಾಲು ಬಂತೇ ಎಂದು ಸೆಕೆಂಡಿಗೊಮ್ಮೆ ಇಣುಕುತ್ತಿತ್ತು, 2009ರಿಂದ ಈಚೆಗೆ ಕರ್ನಲ್ಲೇ ಕರೆದು ಹೇಳುತ್ತದೆ. ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಅವಳು ನೋಟ್ಸ್ ಮಾಡಿಕೊಂಡಳು. ಆ ವಾರವಿಡೀ ಲಾಗಣ್ಣ ಇಸ್ತ್ರಿ ಮಾಡಿದ ಶರ್ಟ್ ಹಾಕಿಕೊಂಡು ಬಂದ.

ಅವನಿಗೆ ಆಗದ ವಸ್ತುಗಳು ಹಲವು. ಗ್ರಾಫು ಬಿಡಿಸುವ ಡ್ಯಾಶ್‌ಬೋರ್ಡ್‌ಗಳು: “ಅದರಲ್ಲಿ ಕೆಂಪು ಆಗೋ ಹೊತ್ತಿಗೆ ಕಸ್ಟಮರ್ರೇ ಫೋನ್ ಮಾಡಿರ್ತಾನೆ.” ಸಿಸ್ಟಮ್‌ಡಿ, ಏಕೆಂದರೆ ಅದರ ಜರ್ನಲ್ ಬೈನರಿ, ಟೇಲ್‌ಗೆ ಓದಲು ಬರುವುದಿಲ್ಲ. ಕುಬರ್ನೆಟೀಸ್, ಏಕೆಂದರೆ ಅಲ್ಲಿ ಪಾಡ್ ಸತ್ತರೆ ಲಾಗೂ ಅದರ ಜೊತೆ ಸಹಗಮನ ಮಾಡಿಬಿಡುತ್ತದೆ. ಎಲ್ಲಕ್ಕಿಂತ ಹೆಚ್ಚು ಸಿಟ್ಟು ಇಮೇಲ್ ಮೇಲೆ. ಹೊಸ ಉತ್ತರ ಮೇಲುಗಡೆ, ಹಳೆಯದು ಕೆಳಗಡೆ! ಹಾಗಾಗಿ ಅವನು ಮೇಲ್‌ನ ಬುಡದಲ್ಲಿರುವ, ಮೂರು ತಿಂಗಳ ಹಿಂದಿನ ಪ್ರಶ್ನೆಗೆ ಅತಿ ವಿನಯದಿಂದ ಉತ್ತರ ಬರೆಯುತ್ತಾನೆ.

ಒಂದು ರಾತ್ರಿ ಶಿಫ್ಟಿನಲ್ಲಿ ಹೀಗಾಯಿತು. ಅಮೆರಿಕದ ಕಡೆಯಿಂದ ಕರೆಯ ಮೇಲೆ ಕರೆ, ಸೈಟ್ ಬಿದ್ದಿದೆ ಅಂತ. ಲಾಗಣ್ಣನ ಪರದೆ ಮಾತ್ರ ತಣ್ಣಗಿತ್ತು. ಒಂದು ಎರರ್ ಇಲ್ಲ. “ನಮ್ಮ ಕಡೆ ಕ್ಲೀನ್ ಇದೆ, ನೆಟ್‌ವರ್ಕ್‌ನವರನ್ನ ಎಬ್ಬಿಸಿ” ಎಂದ. ನೆಟ್‌ವರ್ಕ್‌ನವರು ಎದ್ದರು, ಬೈದರು, ಮಲಗಿದರು. ಆಮೇಲೆ ಇಂಟರ್ನ್ ಮೆಲ್ಲಗೆ ಕೇಳಿದಳು: “ಸರ್, ಹನ್ನೆರಡು ಗಂಟೆಯಿಂದ ಒಂದು ಸಾಲೂ ಬಂದಿಲ್ಲವಲ್ಲ?”

ಮಧ್ಯರಾತ್ರಿಗೆ ಲಾಗ್‌ರೊಟೇಟ್ ಹಳೆಯ ಫೈಲಿಗೆ ಬೇರೆ ಹೆಸರಿಟ್ಟು ಪಕ್ಕಕ್ಕೆ ಸರಿಸಿತ್ತು, ಅಪ್ಲಿಕೇಶನ್ ಹೊಸ ಫೈಲಿನಲ್ಲಿ ಬರೆಯುತ್ತಿತ್ತು. ಚಿಕ್ಕ ಎಫ್ ಹಿಡಿಯುವುದು ಫೈಲನ್ನು, ಹೆಸರನ್ನಲ್ಲ. ಆದ್ದರಿಂದ ಅದು ನಿಷ್ಠೆಯಿಂದ ಹಳೆಯದರ ತಲೆಗಡೆಯೇ ಕೂತಿತ್ತು. ಕ್ಯಾಪಿಟಲ್ ಎಫ್ ಹಾಕಿದ್ದರೆ ಹೆಸರನ್ನು ಹಿಂಬಾಲಿಸಿ ಹೊಸದಕ್ಕೆ ಬರುತ್ತಿತ್ತು. ಲಾಗಣ್ಣ ಕನ್ನಡಕ ಒರೆಸಿಕೊಂಡು, “ಅದನ್ನೇ ಹೇಳೋಣ ಅಂತಿದ್ದೆ” ಎಂದು ಕ್ಯಾಪಿಟಲ್ ಎಫ್ ಒತ್ತಿದ. ಎರರ್‌ಗಳು ಪರದೆ ತುಂಬ ಧುಮುಕಿದವು. ಎಲ್ಲದರಲ್ಲೂ ಒಂದೇ ದೂರು: ಡಿಸ್ಕ್ ತುಂಬಿದೆ, ಜಾಗವಿಲ್ಲ.

ಅದಕ್ಕೇನಂತೆ! ದೊಡ್ಡ ಹಳೆಯ ಲಾಗುಗಳನ್ನೆಲ್ಲ ಹುಡುಕಿ ಅಳಿಸಿದ. ಜಾಗ ಬರಲಿಲ್ಲ. ಅಪ್ಲಿಕೇಶನ್ ರೀಸ್ಟಾರ್ಟ್ ಮಾಡಿಸಿದ. ಆಗಲೂ ಡಿಸ್ಕ್ ನೂರಕ್ಕೆ ನೂರು. ಅಳಿಸಿದ ಫೈಲನ್ನು ಯಾವುದಾದರೂ ಪ್ರೋಗ್ರಾಂ ತೆರೆದು ಹಿಡಿದಿದ್ದರೆ ಯುನಿಕ್ಸ್ ಅದರ ಜಾಗ ಬಿಟ್ಟುಕೊಡುವುದಿಲ್ಲ, ಡೈರೆಕ್ಟರಿಯಲ್ಲಿ ಹೆಸರು ಹೋದರೂ ಒಳಗೆ ಫೈಲ್ ಬದುಕಿರುತ್ತದೆ. ಯಾರು ಹಿಡಿದಿದ್ದಾರೆಂದು ಪತ್ತೆ ಹಚ್ಚಲು ಇಂಟರ್ನ್ ಎಲ್‌ಎಸ್‌ಒಎಫ್ ಓಡಿಸಿದಳು. ಒಂದು ಡಜನ್ ಟೇಲ್‌ಗಳು ಸಾಲಾಗಿ ಬಂದು ನಿಂತವು, ದಸರಾ ರಜೆಗೆ ಮುಂಚೆ, ಲಾಗೌಟ್ ಆದರೂ ಮುಚ್ಚಿಕೊಳ್ಳದ ಟೀಮಕ್ಸ್ ಕಿಟಕಿಗಳಲ್ಲಿ ತೆರೆದು ಮರೆತವು. ಒಂದೊಂದರ ಮುಂದೆಯೂ ಲಾಗಣ್ಣನ ಯೂಸರ್ ಐಡಿ.

ಮ್ಯಾನೇಜರ್ ಕಾಲ್‌ನಲ್ಲೇ ಇದ್ದ. “ಯಾರದು ಈ ಐಡಿ?”

ಲಾಗಣ್ಣ ಪರದೆಯನ್ನು ಬಹಳ ಹೊತ್ತು ಗಂಭೀರವಾಗಿ ನೋಡಿ ಹೇಳಿದ: “ನೋಡಿ ಸರ್, ಪಾಸ್‌ವರ್ಡ್ ಪಾಲಿಸಿ ಟೈಟ್ ಮಾಡಿ ಅಂತ ನಾನು ಮೊದಲಿಂದಲೂ ಹೇಳ್ತಾನೇ ಇದೀನಿ.”